‘ಟೋಕಿಯೋ ಸ್ಟೋರಿ’ ಇಷ್ಟವೂ ಆಯ್ತು, ಬೇಜಾರೂ ಆಯ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಯಸುಜಿರೊ ಓಝು ನಿರ್ದೇಶಿಸಿದ ಜಪಾನಿನ ‘ಟೋಕಿಯೋ ಸ್ಟೋರಿ’ ತೆರೆಗೆ ಬಂದದ್ದು 1953ರಲ್ಲಿ. ಕಪ್ಪು-ಬಿಳುಪು, 136 ನಿಮಿಷ. ತುಮಕೂರು, ತಿಪಟೂರು, ಮಧುಗಿರಿ ಕಡೆ ಇದನ್ನು ಮನೆಯಲ್ಲೋ ಕಾಲೇಜಿನಲ್ಲೋ ಸಣ್ಣ ಗುಂಪಿನಲ್ಲೋ ನೋಡುವವರು ಮತ್ತು ತೋರಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕಥೆಯನ್ನು ಕೊನೆಯವರೆಗೂ ಹೇಳಿದ್ದೇವೆ. ಮುಂದೇನಾಗುತ್ತದೆ ಎಂಬ ಕುತೂಹಲದ ಮೇಲೆ ನಿಂತ ಸಿನಿಮಾ ಇದಲ್ಲವಾದ್ದರಿಂದ ಮೊದಲೇ ಓದಿಕೊಂಡರೂ ನಷ್ಟವೇನಿಲ್ಲ.

ಕಥೆ ಏನು, ಚಿಕ್ಕದಾಗಿ ಹೇಳಿ.

ಒನೊಮಿಚಿ ಎಂಬ ಕಡಲತೀರದ ಊರಿನ ವಯಸ್ಸಾದ ಗಂಡ-ಹೆಂಡತಿ, ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ರೈಲು ಹತ್ತುತ್ತಾರೆ. ದೂರ ಸುಮಾರು 800 ಕಿ.ಮೀ. ಬುಲೆಟ್ ರೈಲು ಶುರುವಾದದ್ದು 1964ರಲ್ಲಿ, ಹಾಗಾಗಿ ಇದು ದೀರ್ಘ ಪ್ರಯಾಣ. ಮಕ್ಕಳಿಗೆ ಪುರುಸೊತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡ ಎರಡನೇ ಮಗನ ಹೆಂಡತಿ ಮಾತ್ರ ಕೆಲಸಕ್ಕೆ ರಜೆ ಹಾಕಿ ಊರು ತೋರಿಸುತ್ತಾಳೆ. ಮಕ್ಕಳು ದುಡ್ಡು ಒಟ್ಟು ಮಾಡಿ ಅಪ್ಪ-ಅಮ್ಮನನ್ನು ಅತಾಮಿ ಎಂಬ ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸುತ್ತಾರೆ. ಅಲ್ಲಿಯ ಹೋಟೆಲಿನ ಗಲಾಟೆಯಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ, ಬೇಗ ವಾಪಸ್ ಬರುತ್ತಾರೆ. ಊರಿಗೆ ಹೊರಟಾಗ ದಾರಿಯಲ್ಲೇ ತಾಯಿಗೆ ಹುಷಾರು ತಪ್ಪುತ್ತದೆ. ಮನೆ ಸೇರಿದ ಮೇಲೆ ಆಕೆ ತೀರಿಕೊಳ್ಳುತ್ತಾಳೆ. ಮಕ್ಕಳು ಬಂದು ಮಣ್ಣು ಮುಗಿಸಿ ಹೊರಡುತ್ತಾರೆ.

ಹೆಸರುಗಳೇ ತಲೆಗೆ ಹತ್ತಲ್ಲ. ಯಾರಿಗೆ ಯಾರು ಏನಾಗಬೇಕು?

ಮೊದಲ ಸಲ ನೋಡುವವರು ಅರ್ಧದಲ್ಲಿ ಎದ್ದು ಹೋಗುವುದಕ್ಕೆ ನಿಧಾನಗತಿಗಿಂತ ದೊಡ್ಡ ಕಾರಣ ಇದೇ. ಶುರು ಮಾಡುವ ಮುಂಚೆ ಇಷ್ಟನ್ನು ಒಂದು ಹಾಳೆಯಲ್ಲೋ ಬೋರ್ಡಿನ ಮೇಲೋ ಬರೆದುಬಿಡಿ:

ತಂದೆ ಶುಕಿಚಿ, ತಾಯಿ ತೊಮಿ. ದೊಡ್ಡ ಮಗ ಕೊಯಿಚಿ, ಟೋಕಿಯೋದ ಹೊರವಲಯದಲ್ಲಿ ಡಾಕ್ಟರ್. ಹೆಂಡತಿ ಫುಮಿಕೊ, ಮಕ್ಕಳು ಮಿನೊರು ಮತ್ತು ಇಸಾಮು. ದೊಡ್ಡ ಮಗಳು ಶಿಗೆ, ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಎರಡನೇ ಮಗ ಶೊಜಿ ಯುದ್ಧದಲ್ಲಿ ಹೋದವನು, ಅವನ ಹೆಂಡತಿ ನೋರಿಕೊ. ಇನ್ನೊಬ್ಬ ಮಗ ಕೇಯ್ಜೊ, ಒಸಾಕಾದಲ್ಲಿ ರೈಲ್ವೆ ನೌಕರ. ಕೊನೆಯ ಮಗಳು ಕ್ಯೋಕೊ, ಊರಲ್ಲೇ ಟೀಚರ್, ಅಪ್ಪ-ಅಮ್ಮನ ಜೊತೆಗಿದ್ದಾಳೆ.

ಶೊಜಿ ಗೋಡೆಯ ಮೇಲಿನ ಫೋಟೊದಲ್ಲಿ ಮಾತ್ರ ಇದ್ದಾನೆ. ಇದನ್ನು ಮೊದಲೇ ಹೇಳದಿದ್ದರೆ ನೋರಿಕೊ ಮಗಳೋ ಸೊಸೆಯೋ ಎಂದು ಜನ ಪಕ್ಕದವರನ್ನು ಕೇಳುತ್ತಲೇ ಇರುತ್ತಾರೆ.

ಅರ್ಧ ಗಂಟೆ ಆದ್ರೂ ಏನೂ ನಡೀತಿಲ್ವಲ್ಲ. ಮುಂದೆ ಏನಾದ್ರೂ ಇದೆಯಾ?

ಜಗಳ, ಗುಟ್ಟು ರಟ್ಟಾಗುವುದು, ಅಂಥದ್ದೇನೂ ಇಲ್ಲ. ನಡೆಯುವುದೆಲ್ಲ ಬಹಳ ಸಣ್ಣ ಅಳತೆಯಲ್ಲಿ ನಡೆಯುತ್ತದೆ. ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಪ್ರಯಾಣಕ್ಕೆ ಬ್ಯಾಗು ತುಂಬುವಾಗ ಗಾಳಿ ತುಂಬಿಸುವ ದಿಂಬು ಕಾಣುವುದಿಲ್ಲ. ನಿನ್ನ ಕೈಗೇ ಕೊಟ್ಟಿದ್ದೆ ಎನ್ನುತ್ತಾನೆ ಗಂಡ. ನನ್ನ ಹತ್ತಿರ ಇಲ್ಲವಲ್ಲ ಎನ್ನುತ್ತಾಳೆ ಹೆಂಡತಿ. ಆಮೇಲೆ ಅದು ಅವನ ಬ್ಯಾಗಿನಲ್ಲೇ ಸಿಗುತ್ತದೆ. ಸಿಕ್ಕಿತು ಎನ್ನುತ್ತಾನೆ, ಅವಳು ಅದನ್ನು ಎತ್ತಿ ಆಡುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತದೆ. ಅವರ ಸಂಸಾರ ಎಷ್ಟು ಕಾಲದ್ದು, ಯಾರು ಯಾರನ್ನು ಹೇಗೆ ಸುಧಾರಿಸಿಕೊಂಡು ಬಂದಿದ್ದಾರೆ, ಎಲ್ಲವೂ ಅಲ್ಲೇ ಬಂದುಬಿಟ್ಟಿದೆ. ಆ ದೃಶ್ಯದಲ್ಲಿ ಫೋನ್ ನೋಡುತ್ತಿದ್ದವರಿಗೆ ಸಿನಿಮಾ ಇನ್ನೂ ಶುರುವಾಗಿಲ್ಲ ಅನ್ನಿಸುವುದು ಸಹಜ.

ಹಾಗೆಂದು ಪೂರ್ತಿ ಸಿನಿಮಾ ಒಂದೇ ಹದದಲ್ಲಿದೆ ಎಂದೂ ಹೇಳುವುದಿಲ್ಲ. ಟೋಕಿಯೋದಲ್ಲಿ ಶುಕಿಚಿ ಹಳೆಯ ಗೆಳೆಯರ ಜೊತೆ ಕುಡಿಯುವ ದೃಶ್ಯ ನಮ್ಮ ಪ್ರಕಾರ ಬೇಕಾದ್ದಕ್ಕಿಂತ ಉದ್ದವಾಯಿತು. ನುಮಾತ ಎಂಬ ಗೆಳೆಯ ಮಗನ ಮೇಲಿನ ಅಸಮಾಧಾನವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಅದುವರೆಗೆ ಹೇಳದೆಯೇ ತಲುಪಿದ್ದ ವಿಷಯವನ್ನು ಅಲ್ಲಿ ಬಿಡಿಸಿ ಹೇಳಿದ ಹಾಗಾಗುತ್ತದೆ.

ಕ್ಯಾಮೆರಾ ಯಾಕೆ ನೆಲಕ್ಕೆ ಅಂಟಿಕೊಂಡಿದೆ? ಪಾತ್ರಗಳು ನಮ್ಮನ್ನೇ ನೋಡಿ ಮಾತಾಡ್ತಿದ್ದಾರಲ್ಲ?

ಓಝು ಮತ್ತು ಛಾಯಾಗ್ರಾಹಕ ಯುಹಾರು ಅತ್ಸುತಾ ಕ್ಯಾಮೆರಾವನ್ನು, ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ಕೆಳಗೆ ಇಡುತ್ತಿದ್ದರು. ಲೆನ್ಸು 50 ಮಿ.ಮೀ. ಕೂತವರು ಪೂರ್ತಿ ಕಾಣುತ್ತಾರೆ, ನಿಂತವರ ತಲೆ ಚೌಕಟ್ಟಿನ ಮೇಲಂಚಿಗೆ ಹೋಗುತ್ತದೆ, ಹಿಂದಿನ ಕೋಣೆಗಳ ಬಾಗಿಲುಗಳು ಒಂದರೊಳಗೊಂದು ಕಾಣುತ್ತವೆ. ನೆಲದ ಮೇಲೆ ಕೂತು ಊಟ ಮಾಡಿ ಬೆಳೆದವರಿಗೆ ಈ ಎತ್ತರ ಬೇಗ ಒಗ್ಗುತ್ತದೆ.

ಇಬ್ಬರು ಮಾತಾಡುವಾಗ ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವುದು ಉಳಿದ ಸಿನಿಮಾಗಳ ಪದ್ಧತಿ. ಇಲ್ಲಿ ಕ್ಯಾಮೆರಾ ಇಬ್ಬರ ನಡುವೆ ಬಂದು ಒಬ್ಬೊಬ್ಬರನ್ನೂ ನೇರ ಎದುರಿನಿಂದ ಹಿಡಿಯುತ್ತದೆ. ಒಬ್ಬರ ಮಾತು ಪೂರ್ತಿ ಮುಗಿದ ಮೇಲೇ ಇನ್ನೊಬ್ಬರ ಮುಖ. ಮೊದಲ ಹದಿನೈದು ನಿಮಿಷ ಇದು ಕಿರಿಕಿರಿ ಮಾಡುತ್ತದೆ, ಆಮೇಲೆ ಮರೆತುಹೋಗುತ್ತದೆ. ಕ್ಯಾಮೆರಾ ಚಲಿಸುವುದಂತೂ ಬಹಳ ಅಪರೂಪ. ಮುದುಕರಿಬ್ಬರೂ ಉಳಿಯಲು ಜಾಗವಿಲ್ಲದೆ ಟೋಕಿಯೋದ ಉಯೆನೊ ಪಾರ್ಕಿನ ಹತ್ತಿರ ಕೂತಿರುವಾಗ ಕ್ಯಾಮೆರಾ ಗೋಡೆಯ ಉದ್ದಕ್ಕೂ ಮೆಲ್ಲಗೆ ಸರಿಯುತ್ತದೆ. ಅಷ್ಟು ಹೊತ್ತು ಕದಲದೆ ನಿಂತಿದ್ದಕ್ಕೇ ಆ ಸಣ್ಣ ಚಲನೆಗೆ ಅಷ್ಟು ತೂಕ.

ಮುಖ್ಯವಾದದ್ದನ್ನೇ ತೋರಿಸಲ್ಲವಲ್ಲ! ಅಮ್ಮ ಸಾಯೋದನ್ನೂ ತೋರಿಸಲಿಲ್ಲ.

ಹೌದು, ಬೇಕೆಂದೇ ಬಿಟ್ಟಿದ್ದಾರೆ. ಟೋಕಿಯೋಗೆ ಹೋಗುವ ರೈಲು ಪ್ರಯಾಣ ಇಲ್ಲ. ಬ್ಯಾಗು ಕಟ್ಟುತ್ತಾರೆ, ಮುಂದೆ ಹೊಗೆ ಉಗುಳುವ ಕಾರ್ಖಾನೆ ಚಿಮಣಿಗಳು ಕಾಣುತ್ತವೆ, ಆಗಲೇ ಟೋಕಿಯೋ ಬಂದಿದೆ. ವಾಪಸ್ ಬರುವಾಗ ರೈಲಿನಲ್ಲಿ ತೊಮಿಗೆ ಹುಷಾರು ತಪ್ಪಿದ್ದು ನಮಗೆ ತಿಳಿಯುವುದು ಒಸಾಕಾದಲ್ಲಿ ಕೇಯ್ಜೊ ಅದನ್ನು ಇನ್ನೊಬ್ಬರಿಗೆ ಹೇಳುವಾಗ. ಸಾವಿನ ದೃಶ್ಯದಲ್ಲೂ ಹಾಗೇ. ಬೆಳಗಿನವರೆಗೆ ಉಳಿಯುವುದು ಕಷ್ಟ ಎಂದು ಡಾಕ್ಟರ್ ಮಗ ಹೇಳುತ್ತಾನೆ. ಆಮೇಲೆ ಬೆಳಗಿನ ಜಾವದ ಖಾಲಿ ಊರು. ಮತ್ತೆ ಮನೆಯೊಳಗೆ ಬಂದಾಗ ತಾಯಿಯ ಮುಖದ ಮೇಲೆ ಬಿಳಿ ಬಟ್ಟೆ ಇದೆ.

ಸಾವಿನ ಗಳಿಗೆ ತೋರಿಸಿದ್ದರೆ ನಾವು ಆಕೆಯನ್ನು ನೋಡುತ್ತಿದ್ದೆವು. ಬಿಟ್ಟಿದ್ದರಿಂದ ಉಳಿದವರನ್ನು ನೋಡುತ್ತೇವೆ. ಶುಕಿಚಿ ಹೊರಗೆ ಹೋಗಿ ಕಡಲ ಕಡೆ ಮುಖ ಮಾಡಿ ನಿಂತಿರುತ್ತಾನೆ. ಕರೆಯಲು ಬಂದ ನೋರಿಕೊಗೆ ಅವನು ಹೇಳುವುದು ಬೆಳಗು ಚೆನ್ನಾಗಿತ್ತು, ಇವತ್ತೂ ಸೆಕೆ ಆಗುತ್ತೆ ಎಂಬಂಥ ಮಾತು, ಅಷ್ಟೆ.

ನಟರು ನಟಿಸ್ತಾನೇ ಇಲ್ಲ ಅನ್ಸುತ್ತೆ. ಇದು ಒಳ್ಳೇ ನಟನೆನಾ?

ನಮ್ಮ ಜಿಲ್ಲೆ ಗುಬ್ಬಿ ಕಂಪನಿಯ ಜಿಲ್ಲೆ. 1884ರಲ್ಲಿ ಶುರುವಾಗಿ ವೀರಣ್ಣನವರ ಕೈಯಲ್ಲಿ ದೇಶಕ್ಕೇ ಹೆಸರಾದ ಆ ನಾಟಕಗಳಲ್ಲಿ ಮೈಕಿಲ್ಲದೆ ಕೊನೆಯ ಬೆಂಚಿಗೂ ಮಾತು ಮುಟ್ಟಬೇಕಿತ್ತು. ದೊಡ್ಡ ದನಿ, ದೊಡ್ಡ ಕೈಚಲನೆ ಆ ಕಲೆಯ ಅಗತ್ಯವೇ ಆಗಿತ್ತು. ನಮ್ಮ ಸಿನಿಮಾ ನಟನೆಯೂ ಬಹುಪಾಲು ಅದೇ ಬೇರಿನದು. ಆ ಕಣ್ಣಿನಿಂದ ನೋಡಿದರೆ ತಂದೆಯ ಪಾತ್ರದ ಚಿಶು ರ್ಯು ಸುಮ್ಮನೆ ಕೂತಿರುವಂತೆ ಕಾಣುತ್ತಾರೆ.

ಆದರೆ ಒಂದು ಲೆಕ್ಕ ನೋಡಿ. ಸುಮಾರು ಎಪ್ಪತ್ತರ ಮುದುಕನಾಗಿ ಕಾಣುವ ರ್ಯುಗೆ ಆಗ 49 ವರ್ಷ. ಅವರ ಮಗಳು ಶಿಗೆಯಾಗಿ ನಟಿಸಿದ ಹರುಕೊ ಸುಗಿಮುರಾಗಿಂತ ಕೆಲವೇ ವರ್ಷ ದೊಡ್ಡವರು. ಬೆನ್ನು ಬಾಗಿಸಿ ಕೂರುವ ರೀತಿ, ಏಳುವಾಗಿನ ನಿಧಾನ, ಎದುರಿನವರ ಮಾತಿಗೆ ಹೂಂಗುಟ್ಟುವ ದನಿ, ಇವುಗಳಲ್ಲೇ ಆ ವಯಸ್ಸನ್ನು ತಂದಿದ್ದಾರೆ. ಲೋಟ ಯಾವಾಗ ಎತ್ತಬೇಕು, ತಲೆ ಎಷ್ಟು ತಿರುಗಿಸಬೇಕು ಎಂಬುದನ್ನೂ ಓಝು ಗೊತ್ತುಮಾಡಿ, ಒಪ್ಪಿಗೆಯಾಗುವವರೆಗೆ ಮತ್ತೆ ಮತ್ತೆ ತೆಗೆಸುತ್ತಿದ್ದರು.

ಮಕ್ಕಳು ಇಷ್ಟು ಕಲ್ಲುಮನಸ್ಸಿನವರಾ? ನೋಡಿ ಸಿಟ್ಟು ಬಂತು.

ಅತಿ ಹೆಚ್ಚು ಕೇಳುವ ಪ್ರಶ್ನೆ. ಸಿಟ್ಟು ಬರುವುದಕ್ಕೆ ಕಾರಣಗಳಿವೆ. ಗಂಡ ಅತ್ತೆ-ಮಾವನಿಗೆಂದು ತಂದ ತಿಂಡಿಗೆ ಇಷ್ಟು ದುಬಾರಿಯದ್ದು ಯಾಕೆ ಎನ್ನುತ್ತಾಳೆ ಶಿಗೆ. ಪಾರ್ಲರಿಗೆ ಬಂದವರು ಕೇಳಿದಾಗ, ಹಳ್ಳಿ ಕಡೆಯ ಪರಿಚಯದವರು ಎಂದು ಅಪ್ಪ-ಅಮ್ಮನ ಬಗ್ಗೆ ಹೇಳಿಬಿಡುತ್ತಾಳೆ. ತಾಯಿಗೆ ಸೀರಿಯಸ್ ಎಂದು ತಂತಿ ಬಂದಾಗ ಸೂತಕದ ಬಟ್ಟೆ ತೆಗೆದುಕೊಂಡು ಹೋಗುವುದಾ ಬೇಡವಾ ಎಂದು ಯೋಚಿಸುತ್ತಾಳೆ. ಮಣ್ಣಾದ ದಿನವೇ ಊಟದ ಮುಂದೆ ಕೂತು ಅಮ್ಮನ ಬಟ್ಟೆ ತನಗೆ ಬೇಕೆಂದು ಕೇಳುತ್ತಾಳೆ.

ಇಷ್ಟನ್ನೇ ಪಟ್ಟಿ ಮಾಡಿದರೆ ಶಿಗೆ ಖಳನಾಯಕಿ. ಆದರೆ ಸಿನಿಮಾ ಇನ್ನೊಂದಷ್ಟು ಸಂಗತಿಗಳನ್ನೂ ಇಟ್ಟಿದೆ, ಅವು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಶುಕಿಚಿ ಮಧ್ಯರಾತ್ರಿ ಕಂಠಪೂರ್ತಿ ಕುಡಿದು, ಜೊತೆಗೊಬ್ಬ ಗೆಳೆಯನನ್ನೂ ಕರೆದುಕೊಂಡು, ಪೊಲೀಸರ ಕೈಯಲ್ಲಿ ಮಗಳ ಮನೆಗೆ ಬಂದು ಬೀಳುತ್ತಾನೆ. ಹಿಂದೆಲ್ಲ ಅಪ್ಪ ಹೀಗೇ ಕುಡಿದು ಬರುತ್ತಿದ್ದ, ಕ್ಯೋಕೊ ಹುಟ್ಟಿದ ಮೇಲೆ ಬಿಟ್ಟ ಎಂದು ಶಿಗೆ ಹೇಳುತ್ತಾಳೆ. ಒಂದೇ ಮಾತು, ಬಂದು ಹೋಗುತ್ತದೆ. ಆದರೆ ಲೆಕ್ಕ ಹಾಕಿದರೆ ದೊಡ್ಡ ಮಕ್ಕಳಿಬ್ಬರೂ ಬೆಳೆದದ್ದು ಕುಡುಕ ಅಪ್ಪನ ಮನೆಯಲ್ಲಿ, ಕೊನೆಯವಳು ಬೆಳೆದದ್ದು ಕುಡಿತ ಬಿಟ್ಟ ಅಪ್ಪನ ಮನೆಯಲ್ಲಿ. ಅಪ್ಪನ ಪರವಾಗಿ ಅತಿ ಹೆಚ್ಚು ಸಿಟ್ಟಾಗುವವಳು ಅದೇ ಕ್ಯೋಕೊ. ಇಡೀ ಸಿನಿಮಾದಲ್ಲಿ ನಮಗೆ ಅತಿ ಮುಖ್ಯವೆನಿಸುವ ಮಾತು ಇದು, ಬಹಳ ಜನ ತಪ್ಪಿಸಿಕೊಳ್ಳುವುದೂ ಇದನ್ನೇ.

ಕೊಯಿಚಿ ಭಾನುವಾರದ ತಿರುಗಾಟ ರದ್ದು ಮಾಡುವುದು ಕಾಯಿಲೆ ಬಿದ್ದ ಮಗುವನ್ನು ನೋಡಲು ಹೋಗಬೇಕಾಗಿ ಬಂದಿದ್ದರಿಂದ. ತಾಯಿ ಉಳಿಯುವುದಿಲ್ಲ ಎಂದಾಗ ಎಲ್ಲರಿಗಿಂತ ಜೋರಾಗಿ ಅಳುವವಳು ಶಿಗೆ. ಆ ಅಳುವೂ ನಿಜ, ಬಟ್ಟೆ ಕೇಳಿದ್ದೂ ನಿಜ. ಎರಡನ್ನೂ ಒಬ್ಬಳಲ್ಲೇ ಇಟ್ಟು ತೀರ್ಪು ಹೇಳದೆ ಬಿಟ್ಟಿರುವುದು ಈ ಸಿನಿಮಾದ ಗಟ್ಟಿತನ.

ನೋರಿಕೊ ಮಾತ್ರ ದೇವತೆ ಥರ. ಅದು ಅತಿ ಆಯ್ತಲ್ವಾ?

ಈ ಆಕ್ಷೇಪ ನಮಗೂ ಇದೆ. ಸೆತ್ಸುಕೊ ಹಾರಾ ಅವರ ನಗುಮುಖ ಬಹಳ ಹೊತ್ತು ಒಂದೇ ಸಮ ಇರುತ್ತದೆ. ರಕ್ತಸಂಬಂಧದ ಮಕ್ಕಳೆಲ್ಲ ಕೈಬಿಟ್ಟರು, ಸೊಸೆಯೊಬ್ಬಳೇ ನೋಡಿಕೊಂಡಳು ಎಂಬ ಜೋಡಣೆಯೂ ತುಸು ಸಲೀಸಾಗಿದೆ. ವಾರಗಟ್ಟಲೆ ಅಡುಗೆ, ಮಕ್ಕಳು, ಅತ್ತೆ-ಮಾವ ಎಲ್ಲವನ್ನೂ ಸಂಭಾಳಿಸುವವಳಿಗೂ ಒಂದು ದಿನ ರಜೆ ಹಾಕಿ ಊರು ತೋರಿಸುವವಳಿಗೂ ಬರುವ ಹೆಸರು ಬೇರೆ ಬೇರೆ. ಕೊಯಿಚಿಯ ಹೆಂಡತಿ ಫುಮಿಕೊ ಮನೆಯ ಕೆಲಸವೆಲ್ಲ ಮಾಡುತ್ತಾಳೆ, ಅವಳ ಮನಸ್ಸಿನಲ್ಲೇನಿದೆ ಎಂದು ಸಿನಿಮಾ ಕೇಳುವುದೇ ಇಲ್ಲ. ಇದು ನಿಜವಾದ ಕೊರತೆ.

ಕೊನೆಯಲ್ಲಿ ಮಾತ್ರ ನೋರಿಕೊ ಈ ಹೊಗಳಿಕೆಯನ್ನು ತಾನೇ ತಳ್ಳಿಹಾಕುತ್ತಾಳೆ. ಗಂಡನ ನೆನಪೇ ಬಾರದ ದಿನಗಳಿವೆ, ಏನೋ ಆಗಲಿ ಎಂದು ಮನಸ್ಸು ಕಾಯುತ್ತಿರುತ್ತದೆ, ನಾನು ಸ್ವಾರ್ಥಿ ಎಂದು ಮಾವನ ಮುಂದೆ ಹೇಳಿ ಅಳುತ್ತಾಳೆ. ಮಾವ ಅವಳಿಗೆ ಅತ್ತೆಯ ಗಡಿಯಾರ ಕೊಟ್ಟು, ಮತ್ತೆ ಮದುವೆಯಾಗು ಎನ್ನುತ್ತಾನೆ. ಆ ದೃಶ್ಯ ಇಲ್ಲದಿದ್ದರೆ ಪಾತ್ರ ಸಕ್ಕರೆಗೊಂಬೆಯಾಗಿ ಉಳಿಯುತ್ತಿತ್ತು.

ಇದು ನಮ್ಮ ಕಡೆಯ ಕಥೆನೇ ಅಂತಾರೆ. ಹೌದಾ?

ಅರ್ಧ ಹೌದು. ಸೊಪ್ಪು, ಅವರೆಕಾಯಿ, ತೆಂಗಿನಕಾಯಿ, ರಾಗಿಹಿಟ್ಟು ಚೀಲಕ್ಕೆ ತುಂಬಿಕೊಂಡು ಮಗನ ಮನೆಗೆಂದು ಬೆಂಗಳೂರಿನ ರೈಲು ಹತ್ತುವವರನ್ನು ತುಮಕೂರು ಸ್ಟೇಷನ್ನಿನಲ್ಲಿ ಯಾವತ್ತು ಬೇಕಾದರೂ ನೋಡಬಹುದು. ಸಿನಿಮಾದಲ್ಲಿ ಬರುವ ಹಾಗೆ, ಮನೆಯಲ್ಲಿ ಜಾಗ ಸಾಲದೆ ಮೊಮ್ಮಗನ ಓದುವ ಮೇಜು ಸರಿಸುವುದು, ಅವನು ಮುಖ ಊದಿಸಿಕೊಳ್ಳುವುದು, ಎರಡೂ ನಮಗೆ ಗೊತ್ತಿರುವುದೇ.

ಆದರೆ ತುಮಕೂರಿನಿಂದ ಬೆಂಗಳೂರು 70 ಕಿ.ಮೀ. ಬೇಜಾರಾದರೆ ಸಂಜೆ ಬಸ್ಸಿಗೆ ವಾಪಸ್ ಬರಬಹುದು. ಒನೊಮಿಚಿಯವರು ಹಾಗೆ ಬರಲಾರರು, ಈ ಭೇಟಿ ಮತ್ತೆ ಆಗುತ್ತದೋ ಇಲ್ಲವೋ ಎಂಬುದು ಅವರಿಗೂ ಗೊತ್ತು. ಇನ್ನೊಂದು, ಯುದ್ಧ. ಜಪಾನಿನಲ್ಲಿ ಅಮೆರಿಕದ ಆಡಳಿತ ಮುಗಿದದ್ದು 1952ರ ಏಪ್ರಿಲಿನಲ್ಲಿ, ಸಿನಿಮಾ ಮರುವರ್ಷದ್ದು. ಮಗನನ್ನು ಕಳೆದುಕೊಂಡ ಮನೆ, ಮತ್ತೆ ಕಟ್ಟುತ್ತಿರುವ ನಗರ, ಹಗಲೂ ರಾತ್ರಿ ದುಡಿಮೆ, ಇದೆಲ್ಲ ಆ ದೇಶದ ಆ ಹೊತ್ತಿನದು. ವೃದ್ಧಾಶ್ರಮದ ಬಗ್ಗೆ ಭಾಷಣಕ್ಕೆ ಈ ಸಿನಿಮಾವನ್ನು ಉದಾಹರಣೆಯಾಗಿ ಬಳಸಬೇಡಿ, ಅದಕ್ಕೆ ಇದು ಒಗ್ಗುವುದಿಲ್ಲ.

ಜಗತ್ತಿನ ಶ್ರೇಷ್ಠ ಸಿನಿಮಾ ಅಂತಾರೆ. ನನಗೆ ಅಷ್ಟೇನೂ ಅನ್ನಿಸ್ಲಿಲ್ಲ, ಅಳುವೂ ಬರ್ಲಿಲ್ಲ.

ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ನಡೆಸಿದ ಮತದಾನದಲ್ಲಿ ನಿರ್ದೇಶಕರು ಇದಕ್ಕೆ ಮೊದಲ ಸ್ಥಾನ ಕೊಟ್ಟರು. ಸಿನಿಮಾ ಮಾಡುವವರಿಗೆ ಇಷ್ಟು ಕಡಿಮೆಯಲ್ಲಿ ಇಷ್ಟು ಸಾಧಿಸುವುದು ಎಷ್ಟು ಕಷ್ಟ ಎಂದು ಗೊತ್ತಿರುತ್ತದೆ. ನೋಡುಗರು ಅದೇ ಕಾರಣಕ್ಕೆ ಮೆಚ್ಚಬೇಕಿಲ್ಲ. ಮೆಚ್ಚಿಕೆ ಇದೆ, ಆದರೆ ಹತ್ತಿರ ಅನ್ನಿಸಲಿಲ್ಲ ಎನ್ನುವುದು ಪ್ರಾಮಾಣಿಕವಾದ ಅಭಿಪ್ರಾಯ. ಕೊನೆಯ ಭಾಗದಲ್ಲಿ ಸಂಗೀತ ಉಬ್ಬಿ ಬರುವುದು ಅತಿಯಾಯಿತು ಎಂದು ನಮಗೂ ಅನ್ನಿಸುತ್ತದೆ. ಅಷ್ಟು ಹೊತ್ತು ಬಿಗಿಹಿಡಿದದ್ದನ್ನು ಅಲ್ಲಿ ಸಡಿಲ ಬಿಟ್ಟಿದ್ದಾರೆ.

ತೆರೆಯ ಎರಡೂ ಪಕ್ಕ ಕಪ್ಪು ಬರ್ತಿದೆ. ಸರಿಮಾಡೋದು ಹೇಗೆ?

ಸರಿಮಾಡಬೇಡಿ. ಚಿತ್ರದ ಅಳತೆಯೇ ಎತ್ತರ 1ಕ್ಕೆ ಅಗಲ 1.37. ಈಗಿನ ಟಿ.ವಿ., ಪ್ರೊಜೆಕ್ಟರ್ ತೆರೆಗಳ ಅಗಲ 1.78. ಎಂಟು ಅಡಿ ಅಗಲದ ತೆರೆಯಲ್ಲಿ ಚಿತ್ರ ಸುಮಾರು ಆರು ಅಡಿ ಮಾತ್ರ ತುಂಬುತ್ತದೆ. ರಿಮೋಟಿನಲ್ಲಿ ‘ಫುಲ್’ ಎಂದು ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ. ‘ಜೂಮ್’ ಒತ್ತಿದರೆ ನಿಂತವರ ತಲೆ, ನೆಲದ ಮೇಲಿನ ತಟ್ಟೆ-ಲೋಟ ಕತ್ತರಿಸಿಹೋಗುತ್ತವೆ. ಟಿ.ವಿ.ಯಲ್ಲಿ ‘ಒರಿಜಿನಲ್’ ಅಥವಾ ‘ಆಟೊ’ ಇಡಿ. ಚಿತ್ರ ದೊಡ್ಡದು ಬೇಕೆಂದರೆ ಪ್ರೊಜೆಕ್ಟರನ್ನು ಹಿಂದಕ್ಕೆ ಸರಿಸಿ, ಕಪ್ಪು ಪಟ್ಟಿ ತೆರೆಯ ಆಚೆ ಗೋಡೆಗೆ ಬೀಳಲಿ.

ಸಬ್‌ಟೈಟಲ್ ಒಂದು ಕಡೆ, ಮಾತು ಒಂದು ಕಡೆ. ಕನ್ನಡ ಅಕ್ಷರ ಬದಲು ಚೌಕಗಳು ಬರ್ತಿವೆ.

ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ತಪ್ಪಿದ್ದರೆ ಸುಲಭ. ಕಂಪ್ಯೂಟರಿನಲ್ಲಿ ಸಿನಿಮಾ ಓಡಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ಅಕ್ಷರ ತಡವಾಗಿ ಬರುತ್ತಿದ್ದರೆ ‘ಜಿ’ ಕೀಲಿ, ಮೊದಲೇ ಬರುತ್ತಿದ್ದರೆ ‘ಎಚ್’ ಕೀಲಿ ಒತ್ತಿ. ಒಂದು ಒತ್ತಿಗೆ 50 ಮಿಲಿಸೆಕೆಂಡ್ ಸರಿಯುತ್ತದೆ.

ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ದೂರವಾದರೆ ಕಾರಣ ಬೇರೆ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಸಿನಿಮಾವನ್ನು 25ಕ್ಕೆ ಓಡಿಸಿದ ಪ್ರತಿಗಳಿರುತ್ತವೆ. ಅವುಗಳಲ್ಲಿ 136 ನಿಮಿಷ ಸುಮಾರು 130 ಆಗುತ್ತದೆ, ಒಂದು ಗಂಟೆಗೇ ಎರಡೂವರೆ ನಿಮಿಷದಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಕೀಲಿ ಒತ್ತಿ ಪ್ರಯೋಜನವಿಲ್ಲ. ಸಬ್‌ಟೈಟಲ್ ತಿದ್ದುವ ತಂತ್ರಾಂಶದಲ್ಲಿ ಫೈಲಿನ ಫ್ರೇಮ್ ದರ ಬದಲಾಯಿಸಿ. ಪ್ರತಿಯ ಒಟ್ಟು ನಿಮಿಷ ನೋಡಿದರೆ ಇದು ಮೊದಲೇ ತಿಳಿಯುತ್ತದೆ.

ಚೌಕಗಳು ಬಂದರೆ ಫಾಂಟಿನಲ್ಲಿ ಕನ್ನಡ ಇಲ್ಲ ಎಂದರ್ಥ. ಪ್ರಿಫರೆನ್ಸಸ್‌ನ ಸಬ್‌ಟೈಟಲ್ ವಿಭಾಗದಲ್ಲಿ ಫಾಂಟ್ ‘ನೋಟೊ ಸಾನ್ಸ್ ಕನ್ನಡ’, ಎನ್‌ಕೋಡಿಂಗ್ ‘ಯುಟಿಎಫ್-8’ ಮಾಡಿ, ವಿಎಲ್‌ಸಿ ಮುಚ್ಚಿ ತೆರೆಯಿರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಅದನ್ನು ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿರುತ್ತಾರೆ, ಮೊದಲು ಪರಿವರ್ತಿಸಿಕೊಳ್ಳಿ. ಪೆನ್‌ಡ್ರೈವನ್ನು ನೇರ ಟಿ.ವಿ.ಗೆ ಹಾಕಿದರೆ ಎಷ್ಟೋ ಟಿ.ವಿ.ಗಳಲ್ಲಿ ಒತ್ತಕ್ಷರ ಒಡೆದು ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಓಡಿಸಿ ಎಚ್‌ಡಿಎಂಐ ಕೇಬಲ್ ಕೊಡುವುದೇ ಮೇಲು.

ನೀವೇ ಕನ್ನಡ ಸಬ್‌ಟೈಟಲ್ ಮಾಡುವುದಾದರೆ ಒಮ್ಮೆಗೆ ಎರಡು ಸಾಲು ಮೀರಬೇಡಿ. ಎಷ್ಟೇ ಚಿಕ್ಕ ಮಾತಾದರೂ ಒಂದೂವರೆ ಸೆಕೆಂಡಾದರೂ ನಿಲ್ಲಲಿ.

ಸಣ್ಣ ಹಾಲ್‌ನಲ್ಲಿ ತೋರಿಸೋಕೆ ಸೌಂಡ್ ಎಷ್ಟು ಬೇಕು?

ಜೋರು ಬೇಡ, ಸ್ಪಷ್ಟತೆ ಬೇಕು. ಮದುವೆ ಮನೆಯ ದೊಡ್ಡ ಸ್ಪೀಕರ್ ಬಾಕ್ಸು, ಎಕೊ ಹಾಕಿದ ಆಂಪ್ಲಿಫೈಯರ್ ಬಳಸಬೇಡಿ, ಮಾತು ಕಲಸಿಹೋಗುತ್ತದೆ. ತೆರೆಯ ಎರಡೂ ಪಕ್ಕ ಕೂತವರ ಕಿವಿಯ ಎತ್ತರಕ್ಕೆ ಎರಡು ಸಣ್ಣ ಸ್ಪೀಕರ್ ಸಾಕು. ಶುರುವಿನಲ್ಲಿ ಒನೊಮಿಚಿಯ ದೋಣಿಗಳ ಎಂಜಿನ್ ‘ಪಟ್ ಪಟ್’ ಎನ್ನುತ್ತದೆ. ಫ್ಯಾನ್ ಹಾಕಿದ ಮೇಲೂ ಅದು ಕೊನೆಯ ಸಾಲಿಗೆ ಕೇಳುವಂತೆ ದನಿ ಇಟ್ಟು ಆಮೇಲೆ ಮುಟ್ಟಬೇಡಿ. ಮಾರ್ಚ್-ಏಪ್ರಿಲಿನಲ್ಲಿ ಫ್ಯಾನ್ ಇಲ್ಲದೆ ಆಗುವುದಿಲ್ಲ. ಕಟಕಟ ಎನ್ನುವುದನ್ನು ಆಫ್ ಮಾಡಿ, ಉಳಿದವನ್ನು ಎರಡರ ವೇಗದಲ್ಲಿ ಇಡಿ. ಶೀಟಿನ ಮಾಡಿನ ಕೋಣೆಯಾದರೆ ಮಳೆಗಾಲದಲ್ಲಿ ಈ ಸಿನಿಮಾ ಇಟ್ಟುಕೊಳ್ಳಲೇಬೇಡಿ.

ಕರೆಂಟ್ ಹೋಗುವ ಕಡೆ ಪ್ರೊಜೆಕ್ಟರನ್ನು ಇನ್‌ವರ್ಟರಿಗೆ ಕೊಡಿ. ಸಾಮಾನ್ಯ ಪ್ರೊಜೆಕ್ಟರ್ 250ರಿಂದ 350 ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ 600 ವಿಎ ಯುಪಿಎಸ್ ಮೇಲೆ ಅದನ್ನು ನಂಬಿ ಕೂರುವಂತಿಲ್ಲ.

ಇಂಟರ್‌ವಲ್ ಬಿಡಬಹುದಾ?

ಒಂದೇ ಸಲ ನೋಡುವುದು ಒಳ್ಳೆಯದು. ವಯಸ್ಸಾದವರಿದ್ದರೆ ಬಿಡಲೇಬೇಕು. ಸುಮಾರು ಒಂದು ಗಂಟೆಯ ಹೊತ್ತಿಗೆ ಅತಾಮಿಯ ಕಡಲ ಕಟ್ಟೆಯ ಮೇಲೆ ಇಬ್ಬರೂ ಕೂತು, ಊರಿಗೆ ಹೋಗೋಣ ಎಂದು ಮಾತಾಡಿಕೊಳ್ಳುತ್ತಾರೆ. ಏಳುವಾಗ ತೊಮಿಗೆ ತಲೆಸುತ್ತು ಬರುತ್ತದೆ. ಆ ದೃಶ್ಯ ಪೂರ್ತಿ ಮುಗಿದ ಮೇಲೆ ಬಿಡಿ. ಹತ್ತು ನಿಮಿಷ, ಟೀ ಅಷ್ಟೆ. ಊಟಕ್ಕೆ ಬಿಟ್ಟರೆ ಜನ ವಾಪಸ್ ಬಂದು ಕೂರುವಷ್ಟರಲ್ಲಿ ಹದ ಕೆಟ್ಟಿರುತ್ತದೆ.

ಎಲ್ಲರನ್ನೂ ಕರೆದು ತೋರಿಸೋಕೆ ಅನುಮತಿ ಬೇಕಾ?

ಮನೆಯವರು ನೋಡುವುದಕ್ಕೆ ಕೊಂಡ ಡಿಸ್ಕಿನಲ್ಲೇ ಸಾಕು. ಹಾಲ್‌ನಲ್ಲಿ ಸಾರ್ವಜನಿಕರಿಗೆ ತೋರಿಸುವುದಾದರೆ, ಟಿಕೆಟ್ ಇಲ್ಲದಿದ್ದರೂ, ಹಕ್ಕುದಾರರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಸಿನಿಮಾ ತಯಾರಿಸಿದ್ದು ಶೊಚಿಕು ಸಂಸ್ಥೆ. ದಿನ, ಜಾಗ, ಎಷ್ಟು ಜನ ಎಂಬುದನ್ನು ಪತ್ರದಲ್ಲೇ ಬರೆದು ಕೆಲವು ವಾರ ಮುಂಚೆ ಕೇಳಿ.

ಮುಗಿದ ಮೇಲೆ ಚರ್ಚೆ ಹೇಗೆ ನಡೆಸೋದು?

ತಕ್ಷಣ ಲೈಟ್ ಹಾಕಿ ಮೈಕ್ ಹಿಡಿಯಬೇಡಿ. ಎರಡು-ಮೂರು ನಿಮಿಷ ಬಿಡಿ. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ನಿಲ್ಲುತ್ತದೆ. ಶಿಗೆ ಅಮ್ಮನ ಬಟ್ಟೆ ಕೇಳಿದ್ದು ತಪ್ಪಾ ಎಂದು ಕೇಳಿ ನೋಡಿ, ಗಂಡುಮಕ್ಕಳು ಒಂದು ಹೇಳುತ್ತಾರೆ, ಹೆಣ್ಣುಮಕ್ಕಳು ಇನ್ನೊಂದು. ಬೇಜಾರಾಯಿತು ಎನ್ನುವವರಿಗೆ ಮೊದಲು ಮಾತಾಡಲು ಬಿಡಿ, ಯಾವ ಜಾಗದಲ್ಲಿ ಬೇಜಾರಾಯಿತು ಎಂದು ಕೇಳಿ. ಮೆಚ್ಚಿದವರು ಮೊದಲು ಮಾತಾಡಿದರೆ ಇವರು ಬಾಯಿ ಬಿಡುವುದಿಲ್ಲ.

ಇಷ್ಟವಾದರೆ ಮುಂದೆ ಯಾವುದು ನೋಡಲಿ?

ಓಝು ಅವರದೇ ‘ಲೇಟ್ ಸ್ಪ್ರಿಂಗ್’ (1949), ‘ಅರ್ಲಿ ಸಮ್ಮರ್’ (1951). ಎರಡರಲ್ಲೂ ಸೆತ್ಸುಕೊ ಹಾರಾ ಇದ್ದಾರೆ, ಎರಡರಲ್ಲೂ ಅವರ ಪಾತ್ರದ ಹೆಸರು ನೋರಿಕೊ. ಆದರೆ ಕಥೆಗೆ ಕಥೆ ಸಂಬಂಧವಿಲ್ಲ, ಯಾವುದನ್ನು ಮೊದಲು ನೋಡಿದರೂ ನಡೆಯುತ್ತದೆ. ‘ಟೋಕಿಯೋ ಸ್ಟೋರಿ’ ತೀರಾ ನಿಧಾನ ಅನ್ನಿಸಿದವರು ‘ಅರ್ಲಿ ಸಮ್ಮರ್’ ಹಿಡಿಯಲಿ. ಅದರಲ್ಲಿ ನಗು ಹೆಚ್ಚು, ಮನೆ ತುಂಬ ಜನ, ಚೇಷ್ಟೆ ಮಾಡುವ ಇಬ್ಬರು ಹುಡುಗರಿದ್ದಾರೆ.